ಐದನೆಯ ಅಳತೆಯ ಬೆಲೆ

ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ. ಓದುವವರ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕ ಯಾವುದನ್ನೇ ತೆಗೆದು ಹಿಂದಿನಿಂದ ತಿರುವಿದರೂ ಒಂದು ಕೋಷ್ಟಕ ಎದುರಾಗುತ್ತದೆ. ಎಡಬದಿಯಲ್ಲಿ 1, 2, 3 ಎಂದು ಕೆಳಗಿಳಿಯುವ ಸಾಲುಗಳು, ಮೇಲೆ 0.10, 0.05, 0.01 ಎಂಬ ತಲೆಪಟ್ಟಿ, ನಡುವೆ ಒತ್ತೊತ್ತಾಗಿ ದಶಮಾಂಶಗಳು. ಮೂರನೆಯ ಸಾಲೂ 0.05ರ ಕಾಲಮ್ಮೂ ಕೂಡುವಲ್ಲಿ 3.182 ಎಂದಿರುತ್ತದೆ. ಲೆಕ್ಕ ಮಾಡಿ ಬಂದ ಉತ್ತರ ಇದಕ್ಕಿಂತ ಹೆಚ್ಚಾದರೆ ಒಂದು ವಾಕ್ಯ ಬರೆಯಬೇಕು, ಕಡಿಮೆಯಾದರೆ ಇನ್ನೊಂದು. ಎರಡೂ ವಾಕ್ಯ ಮೊದಲೇ ಬಾಯಿಪಾಠವಾಗಿರುತ್ತವೆ. ಇದು ‘ಸ್ಟೂಡೆಂಟ್’ನ ಟಿ-ಕೋಷ್ಟಕ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ದೊಡ್ಡದಾಗಿರುವುದರಿಂದ ಅದೊಂದು ಅಂಕಿತನಾಮ ಎಂದು ಗೊತ್ತಾಗುತ್ತದೆ. ಕನ್ನಡಕ್ಕೆ ಆ ಭೇದವಿಲ್ಲ. ಕನ್ನಡದಲ್ಲಿ ಓದುವವರಿಗೆ ಅದು ಒಬ್ಬರ ಹೆಸರೋ, ಪರೀಕ್ಷೆಗೆ ಕೂತ ಯಾರೋ ವಿದ್ಯಾರ್ಥಿಯದೋ ತಿಳಿಯದು. ಆ ಹೆಸರಿನ ಹಿಂದಿದ್ದವರು ಪ್ರಾಧ್ಯಾಪಕರಾಗಿರಲಿಲ್ಲ. ಬಿಯರ್ ತಯಾರಿಸುವ ಕಂಪನಿಯೊಂದರ ನೌಕರರಾಗಿದ್ದರು. ವಾಣಿಜ್ಯ ವಿದ್ಯಾರ್ಥಿಗಳಿಗೆ ಇವತ್ತು ಅತ್ಯಂತ ಪರಕೀಯವಾಗಿ ಕಾಣುವ ಪಾಠ ಹುಟ್ಟಿದ್ದು ವ್ಯಾಪಾರದ ಅಂಗಳದಲ್ಲೇ. ತಾನು ಹುಟ್ಟಿದ ಮನೆಗೆ ಅದು ಮರಳಿ ಬರುವ ಹೊತ್ತಿಗೆ ಮನೆಯವರಿಗೇ ಗುರುತು ಸಿಗದಷ್ಟು ಬದಲಾಗಿತ್ತು. ಸಂಖ್ಯಾಶಾಸ್ತ್ರದ ಪೇಪರು ಎಂದರೆ ನಮ್ಮ ಕಾಮರ್ಸ್ ಮಕ್ಕಳಿಗೆ ಆಗುವ ಅಂಜಿಕೆಯ ಮೂಲ ಅವರ ಬುದ್ಧಿಯಲ್ಲಿಲ್ಲ, ಆ ದೂರದ ಪ್ರಯಾಣದಲ್ಲಿದೆ ಎಂಬುದು ನನ್ನ ವಾದ.

ವಿಲಿಯಂ ಸೀಲಿ ಗಾಸೆಟ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ. ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಓದಿ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಂಪನಿ ಸೇರಿದರು. ಆ ಕಾಲಕ್ಕೆ ಗಿನ್ನೆಸ್ ಜಗತ್ತಿನಲ್ಲೇ ದೊಡ್ಡದೆನಿಸಿದ್ದ ಬಿಯರ್ ತಯಾರಿಕಾ ಸಂಸ್ಥೆ. ಕೊಳ್ಳುವ ಬಾರ್ಲಿ, ಹಾಪ್ಸ್ ಹೂವು, ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್ ಎಲ್ಲವೂ ಅಪಾರ ಮೊತ್ತದ ಸರಕು. ಮೂಸಿ ನೋಡಿ, ಹಿಸುಕಿ ನೋಡಿ ಸರಕಿನ ಗುಣ ಹೇಳುವ ಅನುಭವಿಗಳ ಕಣ್ಣಳತೆಯನ್ನೇ ನೆಚ್ಚಿಕೊಂಡಿರುವುದು ಸಾಲದೆ ಕಂಪನಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದ ಯುವಕರನ್ನು ನೇಮಿಸಿಕೊಳ್ಳುತ್ತಿತ್ತು. ಅವರೆದುರಿಗಿದ್ದ ತೊಡಕು ಇದು: ಒಂದು ರಾಶಿ ಮಾಲ್ಟಿನಿಂದ ಸಾರ ತೆಗೆದು ಸಕ್ಕರೆಯ ಅಂಶ ಅಳೆದರೆ ಒಂದು ಅಂಕಿ ಬರುತ್ತದೆ, ಅದೇ ರಾಶಿಯಿಂದ ಮತ್ತೆ ತೆಗೆದು ಅಳೆದರೆ ಇನ್ನೊಂದು. ಬೇಕಾದದ್ದು ಬ್ಯಾರೆಲ್ಲಿಗೆ 133 ಡಿಗ್ರಿಯ ಆಸುಪಾಸು. ಅರ್ಧ ಡಿಗ್ರಿ ಆಚೀಚೆಯಾದರೆ ಸಹಿಸಬಹುದು. ಅದಕ್ಕೂ ಮೀರಿದರೆ ತೆರಿಗೆ ಏರುತ್ತದೆ, ಇಳಿದರೆ ಗಿರಾಕಿಗಳ ನಾಲಿಗೆಗೆ ಗೊತ್ತಾಗುತ್ತದೆ. ಹಾಗಾದರೆ ಎಷ್ಟು ಸಲ ಅಳೆದರೆ ನಂಬಬಹುದು? 1904ರ ನವೆಂಬರಿನಲ್ಲಿ ಗಾಸೆಟ್ ಕಂಪನಿಯ ಒಳಗಿನ ಬಳಕೆಗೆಂದು ಬರೆದ ವರದಿಯಲ್ಲಿ ಇದಕ್ಕೆ ಉತ್ತರವಿದೆ. ತಪ್ಪು ಅರ್ಧ ಡಿಗ್ರಿಯೊಳಗೇ ಉಳಿಯುವ ಸಾಧ್ಯತೆ ಎರಡು ಅಳತೆಯ ಸರಾಸರಿಗೆ 4ಕ್ಕೆ 1 (ನಾಲ್ಕು ಸಲ ಸರಿ, ಒಂದು ಸಲ ತಪ್ಪು), ಮೂರಕ್ಕೆ 7ಕ್ಕೆ 1, ನಾಲ್ಕಕ್ಕೆ 12ಕ್ಕೆ 1, ಐದಕ್ಕೆ 19ಕ್ಕೆ 1. ಎಂಬತ್ತೆರಡು ಸಲ ಅಳೆದರೆ ಸಂಶಯಕ್ಕೆ ಜಾಗವೇ ಇಲ್ಲ. ಕಂಪನಿಯ ಕೆಲಸಕ್ಕೆ 10ಕ್ಕೆ 1ರಷ್ಟು ಭರವಸೆ ಸಾಕಿತ್ತು. ಆದ್ದರಿಂದ ನಾಲ್ಕು ಅಳತೆ ಸಾಕು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಈ ನಾಲ್ಕಕ್ಕೂ ಐದಕ್ಕೂ ನಡುವಿನ ಅಂತರದಲ್ಲಿದೆ. 19ಕ್ಕೆ 1 ಎಂದರೆ ಇಪ್ಪತ್ತರಲ್ಲಿ ಒಂದು ಸಲ ತಪ್ಪುವುದು, ಅಂದರೆ ಇವತ್ತಿನ ಪಠ್ಯಪುಸ್ತಕ ಹೇಳುವ ಶೇ. 5ರ ಮಟ್ಟ. ನಮ್ಮ ವಿದ್ಯಾರ್ಥಿಯೊಬ್ಬಳನ್ನು 1904ರ ಗಿನ್ನೆಸ್ ಪ್ರಯೋಗಶಾಲೆಯಲ್ಲಿ ನಿಲ್ಲಿಸಿದರೆ, ತರಗತಿಯಲ್ಲಿ ಕಲಿತ ನಿಯಮದ ಪ್ರಕಾರ ಅವಳು ಐದು ಸಲ ಅಳೆಯಬೇಕು ಎನ್ನುತ್ತಾಳೆ. ಗಾಸೆಟ್ ನಾಲ್ಕಕ್ಕೇ ನಿಲ್ಲಿಸುತ್ತಾರೆ. ಐದನೆಯ ಅಳತೆಗೆ ಮಾಲ್ಟು ಬೇಕು, ಆಳಿನ ಸಮಯ ಬೇಕು, ಅದಕ್ಕೊಂದು ಬೆಲೆಯಿದೆ. ಆ ಬೆಲೆ ತೆತ್ತು ಸಿಗುವ ಹೆಚ್ಚಿನ ಭರವಸೆಯಿಂದ ಕಂಪನಿಗೆ ಏನು ಲಾಭ ಎಂಬುದು ಅವರ ಪ್ರಶ್ನೆ. 10ಕ್ಕೆ 1 ಎಂಬ ಗೆರೆಯನ್ನು ಗಣಿತ ಎಳೆದಿರಲಿಲ್ಲ, ಕೆಲಸದ ಅಗತ್ಯ ಎಳೆದಿತ್ತು. ಲೆಕ್ಕವೂ ಅಂಗಡಿಯೂ ಒಂದೇ ಕಡೆ ಇದ್ದ ಆ ಗಳಿಗೆ ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲಿ ಬಹಳ ದಿನ ಉಳಿಯಲಿಲ್ಲ.

ಸರಾಸರಿಯ ತಪ್ಪನ್ನು ಅಂದಾಜು ಮಾಡಲು ಆಗ ಇದ್ದ ಸೂತ್ರಗಳು ನೂರಾರು, ಸಾವಿರಾರು ಅಳತೆಗಳಿರುವಲ್ಲಿ ಮಾತ್ರ ನಂಬಿಕೆಗೆ ಯೋಗ್ಯವಾಗಿದ್ದವು. ಸಂಖ್ಯಾಶಾಸ್ತ್ರದ ಅಂದಿನ ದೊಡ್ಡ ಹೆಸರು ಲಂಡನ್ನಿನ ಕಾರ್ಲ್ ಪಿಯರ್ಸನ್. ಅವರ ಕೆಲಸ ಮನುಷ್ಯರ ಎತ್ತರ, ತಲೆಬುರುಡೆಯ ಅಳತೆ, ಆನುವಂಶಿಕತೆಯ ಸುತ್ತ ನಡೆಯುತ್ತಿತ್ತು. ಅಂಕಿಗಳಿಗೆ ಅಲ್ಲಿ ಬರವಿರಲಿಲ್ಲ. 1905ರ ಜುಲೈಯಲ್ಲಿ ಗಾಸೆಟ್ ಸೈಕಲ್ ಹೊಡೆದುಕೊಂಡು ಹೋಗಿ, ಬೇಸಿಗೆ ರಜೆಯಲ್ಲಿದ್ದ ಪಿಯರ್ಸನ್ನರನ್ನು ಹಳ್ಳಿಯಲ್ಲಿ ಭೇಟಿಯಾದರು. ಮುಂದಿನ ವರ್ಷ ಕಂಪನಿಯೇ ಅವರನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಿಯರ್ಸನ್ ಪ್ರಯೋಗಶಾಲೆಗೆ ಕಳಿಸಿತು. ಕಂಪನಿ ಕಳಿಸಿದ ಈ ನೌಕರ ಸಂಖ್ಯಾಶಾಸ್ತ್ರದ ಮೊದಲ ‘ಬಿಸಿನೆಸ್ ವಿದ್ಯಾರ್ಥಿ’ ಎಂದರೆ ತಪ್ಪಾಗಲಾರದು. ಕಲಿಯಬೇಕಾದ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ತರಗತಿಗೆ ಹೋದರು. ಗುರುವಿಗೆ ಆ ಪ್ರಶ್ನೆಯೇ ಚಿಕ್ಕದಾಗಿ ಕಂಡಿತು. ಇಷ್ಟು ಸಣ್ಣ ಮಾದರಿ ಇಟ್ಟುಕೊಂಡು ಕೆಲಸ ಮಾಡುವವರು ಬಿಯರ್ ಕಾಯಿಸುವವರು ಮಾತ್ರ ಎಂಬರ್ಥದ ತಮಾಷೆಯನ್ನು ಪಿಯರ್ಸನ್ ಮುಂದೆ ಪತ್ರದಲ್ಲಿ ಮಾಡಿದ್ದುಂಟು. ಅಂಗಡಿಯ ಪ್ರಶ್ನೆಗೂ ವಿಶ್ವವಿದ್ಯಾಲಯದ ಪ್ರಶ್ನೆಗೂ ಮೊದಲ ಬಿರುಕು ಕಂಡದ್ದು ಅಲ್ಲಿ.

ಗಾಸೆಟ್ ತಮ್ಮ ಪ್ರಶ್ನೆ ಬಿಡಲಿಲ್ಲ. ಬೇರೊಬ್ಬರು ಸಂಗ್ರಹಿಸಿ ಪ್ರಕಟಿಸಿದ್ದ, 3000 ಮಂದಿ ಅಪರಾಧಿಗಳ ಎತ್ತರ ಹಾಗೂ ಎಡಗೈಯ ನಡುಬೆರಳಿನ ಉದ್ದದ ಅಳತೆಗಳು ಅವರಿಗೆ ಸಿಕ್ಕವು. ಅವನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದರು. ಇಸ್ಪೀಟಿನ ಎಲೆಗಳಂತೆ ಚೆನ್ನಾಗಿ ಕಲೆಸಿ, ಒಂದೊಂದಾಗಿ ಎತ್ತಿ, ನಾಲ್ಕು ನಾಲ್ಕರ ಗುಂಪು ಮಾಡಿದರು. 750 ಗುಂಪುಗಳಾದವು. ಪ್ರತಿ ಗುಂಪಿನ ಸರಾಸರಿ, ಪ್ರತಿ ಗುಂಪಿನ ಚದುರುವಿಕೆ ಲೆಕ್ಕ ಹಾಕಿ, ತಾವು ಊಹಿಸಿದ್ದ ವಕ್ರರೇಖೆಗೆ ಅವು ಕೂತುಕೊಳ್ಳುತ್ತವೆಯೇ ಎಂದು ಹೋಲಿಸಿದರು. ಆ ವಕ್ರರೇಖೆಗೆ ಅವರ ಬಳಿ ಬಿಗಿಯಾದ ಗಣಿತದ ಸಾಧನೆ ಇರಲಿಲ್ಲ. ಹಲವು ಹೆಜ್ಜೆಗಳನ್ನು ಸೂಕ್ಷ್ಮ ಊಹೆಯಿಂದಲೇ ದಾಟಿದ್ದರು. ಪೂರ್ತಿ ಸಾಧನೆ ಕೊಟ್ಟವರು ಕೆಲವು ವರ್ಷಗಳ ನಂತರ ಬಂದ ರೊನಾಲ್ಡ್ ಫಿಶರ್. 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು. ನೌಕರರ ಸಂಶೋಧನೆ ಹೊರಗೆ ಹೋದರೆ ವ್ಯಾಪಾರದ ಗುಟ್ಟು ಬಯಲಾದೀತೆಂಬ ಭಯ ಕಂಪನಿಗಿತ್ತು. ಹಾಗಾಗಿ ಲೇಖಕರ ನಿಜನಾಮವಿಲ್ಲ, ಬಿಯರಿನ ಸುದ್ದಿಯಿಲ್ಲ, ‘ಸ್ಟೂಡೆಂಟ್’ ಎಂಬ ಸಹಿ ಮಾತ್ರ. ಗುಟ್ಟು ಕಾಪಾಡುವ ಈ ಎಚ್ಚರಿಕೆಗೆ ಕಂಪನಿಯ ಮಟ್ಟಿಗೆ ಕಾರಣವಿತ್ತು. ಆದರೆ ಅದರಿಂದ ಶಾಸ್ತ್ರದ ಚರಿತ್ರೆಗಾದ ನಷ್ಟ ದೊಡ್ಡದು: ಸೂತ್ರ ಹೊರಗೆ ಬಂತು, ಅದನ್ನು ಹುಟ್ಟಿಸಿದ ಖರ್ಚು-ಲಾಭದ ಪ್ರಶ್ನೆ ಕಾರ್ಖಾನೆಯ ಕಪಾಟಿನಲ್ಲೇ ಉಳಿಯಿತು.

ಅದೇ 1908ರಲ್ಲಿ ಅಮೆರಿಕದಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾಯಿತು. ಪೆನ್ಸಿಲ್ವೇನಿಯಾದ ವಾರ್ಟನ್ ಸ್ಕೂಲ್ ಅದಾಗಲೇ 1881ರಿಂದ ನಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ 20ನೆಯ ಶತಮಾನದ ಮೊದಲ ವರ್ಷಗಳಲ್ಲೇ ವಾಣಿಜ್ಯ ವಿಭಾಗ ತೆರೆದಿತ್ತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು 1913ರಲ್ಲಿ ಬಂತು. ಇಲ್ಲೆಲ್ಲ ವಾಣಿಜ್ಯದ ಜೊತೆಗೆ ಬೆಳೆದ ಸಂಖ್ಯಾಶಾಸ್ತ್ರ ಗಾಸೆಟ್‌ರದ್ದಲ್ಲ. ಅದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಆರ್ಥರ್ ಬೌಲಿ ಕಲಿಸುತ್ತಿದ್ದ ಬಗೆಯದು. ಬೌಲಿಯವರ ಪಠ್ಯಪುಸ್ತಕ 1901ರಲ್ಲೇ ಬಂದಿತ್ತು. ಕೂಲಿ, ಬೆಲೆ, ಆಮದು-ರಫ್ತುಗಳ ಪಟ್ಟಿ, ಸರಾಸರಿ, ಸೂಚ್ಯಂಕ ಅದರ ಜೀವಾಳ. ಈ ಬಗೆಯ ಲೆಕ್ಕ ಕನ್ನಡಕ್ಕೂ ಹೊಸತೇನಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರೇ ‘ವ್ಯವಹಾರ ಗಣಿತ’. ಗಣಿತವನ್ನು ಕೊಡು-ಕೊಳ್ಳುವಿಕೆಯ ಮೂಲಕ ಕಲಿಸುವ ಪದ್ಧತಿ ನಮ್ಮಲ್ಲಿ ಅಷ್ಟು ಹಳೆಯದು. ಇವತ್ತಿನ ಕಾಮರ್ಸ್ ಪಠ್ಯಕ್ರಮ ನೋಡಿದರೆ ಎರಡು ಬೇರೆ ಬಟ್ಟೆಗಳನ್ನು ಸೇರಿಸಿ ಹೊಲಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಅರ್ಧದಲ್ಲಿ ಸರಾಸರಿ, ಮಧ್ಯಾಂಕ, ಸೂಚ್ಯಂಕ: ಇದು ಬೌಲಿಯ ಮನೆತನ. ಎರಡನೆಯ ಅರ್ಧದಲ್ಲಿ ಸಂಭವನೀಯತೆ, ಟಿ-ಪರೀಕ್ಷೆ, ಕೈ-ವರ್ಗ: ಇದು ಪಿಯರ್ಸನ್, ಸ್ಟೂಡೆಂಟ್, ಫಿಶರರ ಮನೆತನ. ಪಿಯುಸಿಗೆ ಸೇರುವಾಗ ಇತಿಹಾಸವಿರುವ ‘ಹೆಬಾ’ ತಗೊಳ್ಳಲೋ ಸಂಖ್ಯಾಶಾಸ್ತ್ರವಿರುವ ‘ಸೆಬಾ’ ತಗೊಳ್ಳಲೋ ಎಂದು ಯೋಚಿಸುವ ನಮ್ಮ ಮಕ್ಕಳಲ್ಲಿ ಸಂಖ್ಯಾಶಾಸ್ತ್ರವನ್ನು ಆರಿಸಿಕೊಂಡವರು ಮುಂದೆ ಪದವಿಯಲ್ಲಿ ಮೊದಲರ್ಧವನ್ನು ಸಲೀಸಾಗಿ ದಾಟುತ್ತಾರೆ, ಎರಡನೆಯ ಅರ್ಧದಲ್ಲಿ ಕಾಲು ಹೂತುಕೊಳ್ಳುತ್ತದೆ ಎಂಬುದು ಆ ಪಾಠ ಮಾಡುವವರೆಲ್ಲ ಬಲ್ಲ ಸಂಗತಿ. ಕಾಲು ಹೂಳುವುದು ಸರಿಯಾಗಿ ಆ ಹೊಲಿಗೆಯ ಜಾಗದಲ್ಲೇ.

ಆ ಎರಡನೆಯ ಬಟ್ಟೆಗೆ ಇವತ್ತಿನ ರೂಪ ಕೊಟ್ಟವರು ಫಿಶರ್. 1919ರಿಂದ 1933ರವರೆಗೆ ಅವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಸಂಶೋಧಕರಿಗೆಂದು 1925ರಲ್ಲಿ ಅವರು ಬರೆದ ಕೈಪಿಡಿ ಜಗತ್ತಿನ ತುಂಬ ಹಬ್ಬಿತು. ಗಾಸೆಟ್‌ರ ಕೋಷ್ಟಕವನ್ನು ಅವರು ಮಗುಚಿ ಹಾಕಿದರು. ಮೂಲ ಕೋಷ್ಟಕದಲ್ಲಿ ನಿಮಗೆ ಬಂದ ಉತ್ತರವನ್ನು ಹುಡುಕಿದರೆ ಅದರ ಸಂಭವನೀಯತೆ ಎಷ್ಟೆಂದು ಸಿಗುತ್ತಿತ್ತು. ಆ ಸಂಭವನೀಯತೆ ನಿಮ್ಮ ಕೆಲಸಕ್ಕೆ ಸಾಕೋ ಸಾಲದೋ ನೀವೇ ತೀರ್ಮಾನಿಸಬೇಕಿತ್ತು. ಫಿಶರರ ಕೋಷ್ಟಕ ಶೇ. 5, ಶೇ. 1 ಮುಂತಾದ ಕೆಲವೇ ಮಟ್ಟಗಳನ್ನು ತಲೆಪಟ್ಟಿಯಲ್ಲಿ ಕೂರಿಸಿ, ದಾಟಬೇಕಾದ ಹೊಸ್ತಿಲನ್ನು ಕೊಟ್ಟಿತು. ಶೇ. 5 ಬಳಕೆಗೆ ಅನುಕೂಲ ಎಂದಷ್ಟೇ ಅವರು ಹೇಳಿದ್ದು. ಆ ಅನುಕೂಲ ಒಂದು ತಲೆಮಾರಿನೊಳಗೆ ಸಂಪ್ರದಾಯವಾಯಿತು, ಇನ್ನೊಂದು ತಲೆಮಾರಿಗೆ ಶಾಸನವಾಯಿತು. ಸಂಶೋಧಕರಿಗೆ ಈ ಹೊಸ್ತಿಲಿನಿಂದ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಕೃಷಿ ಕೇಂದ್ರದ ವಿಜ್ಞಾನಿ ಹೊಲದಿಂದ ದೂರ ಇದ್ದವರೇನೂ ಅಲ್ಲವಲ್ಲ, ಹಾಗಿದ್ದಮೇಲೆ ಫಿಶರರ ಸಂಖ್ಯಾಶಾಸ್ತ್ರ ನೆಲ ಬಿಟ್ಟಿತೆಂದು ಹೇಗೆ ಹೇಳುವುದು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಅದಕ್ಕೆ ಉತ್ತರ ಫಿಶರರಲ್ಲೇ ಇದೆ. 1955ರ ಒಂದು ಲೇಖನದಲ್ಲಿ ಅವರು, ಸರಕಿನ ಲಾಟು ತೆಗೆದುಕೊಳ್ಳುವುದೋ ಬಿಡುವುದೋ ಎಂದು ನಿರ್ಧರಿಸುವ ವ್ಯಾಪಾರೀ ವಿಧಾನ ಬೇರೆ, ಸತ್ಯ ಅರಸುವ ವಿಜ್ಞಾನಿಯ ತರ್ಕ ಬೇರೆ, ಒಂದರ ನಿಯಮವನ್ನು ಇನ್ನೊಂದಕ್ಕೆ ಹೇರಬಾರದು ಎಂಬ ನಿಲುವು ತಳೆದರು. ವಿಜ್ಞಾನದ ಪರವಾಗಿ ಅವರಾಡಿದ ಮಾತನ್ನು ನಾವು ವಾಣಿಜ್ಯದ ಪರವಾಗಿಯೂ ಓದಬಹುದು. ಉಪಕರಣ ಮಾಡಿದವರೇ ಇದು ವಿಜ್ಞಾನಿಯ ಕೈಗೆ ಎಂದು ಹೇಳುತ್ತಿದ್ದಾಗ, ವ್ಯಾಪಾರ ಓದುವವರ ಕೈಗೆ ಅದನ್ನೇ ಯಾವ ಬದಲಾವಣೆಯೂ ಇಲ್ಲದೆ ಕೊಡಲಾಯಿತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಅಮೆರಿಕದ ಟೆಲಿಫೋನ್ ಉದ್ಯಮದಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟದಷ್ಟರ ಟಿಪ್ಪಣಿಯಲ್ಲಿ ಗುಣನಿಯಂತ್ರಣದ ನಕ್ಷೆಯ ಕಲ್ಪನೆ ಬರೆದರು. ಯಂತ್ರದಿಂದ ಬರುವ ಸರಕಿನಲ್ಲಿ ಸಹಜವಾದ ಏರುಪೇರು ಯಾವುದು, ಹೋಗಿ ಯಂತ್ರ ಬಿಚ್ಚಿ ನೋಡಲೇಬೇಕಾದ ಏರುಪೇರು ಯಾವುದು ಎಂದು ಬೇರ್ಪಡಿಸುವ ಗೆರೆಯನ್ನು ಅವರು ಮಾನಕ ವಿಚಲನೆಯ ಮೂರು ಪಟ್ಟಿನಲ್ಲಿ ಇಟ್ಟರು. ಹಾಗೆ ಇಡಲು ಕಾರಣ ಹಣ: ಇಲ್ಲದ ದೋಷ ಹುಡುಕುತ್ತಾ ಕೂರುವ ಖರ್ಚನ್ನೂ ಇರುವ ದೋಷ ಕಾಣದೆ ಬಿಡುವ ನಷ್ಟವನ್ನೂ ತೂಗಿದಾಗ ಆ ಜಾಗ ವಾಸಿ ಎಂದು ಅನುಭವ ಹೇಳಿತ್ತು. ಗಾಸೆಟ್‌ರ ನಾಲ್ಕು ಅಳತೆಗೂ ಶೂಹಾರ್ಟ್‌ರ ಮೂರು ಪಟ್ಟಿಗೂ ಇರುವ ನಂಟು ಇದು. ಆದರೆ ಈ ವಿದ್ಯೆ ಬಹುಕಾಲ ಕಾರ್ಖಾನೆಯ ಎಂಜಿನಿಯರುಗಳ ಸೊತ್ತಾಗಿಯೇ ಉಳಿಯಿತು, ವಾಣಿಜ್ಯದ ತರಗತಿಯ ನಡುಮನೆಗೆ ಬರಲಿಲ್ಲ.

ವ್ಯಾಪಾರ ಓದುವವರಿಗೆ ಸಂಖ್ಯಾಶಾಸ್ತ್ರ ಕಡ್ಡಾಯವಾದ ಚರಿತ್ರೆಯಲ್ಲಿ 1959ಕ್ಕೆ ವಿಶೇಷ ಸ್ಥಾನವಿದೆ. ಆ ವರ್ಷ ಅಮೆರಿಕದಲ್ಲಿ ಎರಡು ವರದಿಗಳು ಬಂದವು. ಫೋರ್ಡ್ ಪ್ರತಿಷ್ಠಾನದ ಬೆಂಬಲದಿಂದ ರಾಬರ್ಟ್ ಗಾರ್ಡನ್ ಮತ್ತು ಜೇಮ್ಸ್ ಹೊವೆಲ್ ಬರೆದದ್ದು ಒಂದು, ಕಾರ್ನೆಗಿ ಸಂಸ್ಥೆಯ ಬೆಂಬಲದಿಂದ ಫ್ರ್ಯಾಂಕ್ ಪಿಯರ್ಸನ್ ಬರೆದದ್ದು ಇನ್ನೊಂದು. ಬಿಸಿನೆಸ್ ಸ್ಕೂಲುಗಳಲ್ಲಿ ಓದು ತೆಳುವಾಗಿದೆ, ಕಸುಬಿನ ಸಣ್ಣಪುಟ್ಟ ಕೋರ್ಸುಗಳೇ ತುಂಬಿವೆ, ಗಣಿತ, ಸಂಖ್ಯಾಶಾಸ್ತ್ರ, ಸಮಾಜವಿಜ್ಞಾನಗಳ ತಳಪಾಯ ಬೇಕು ಎಂಬುದು ಎರಡೂ ವರದಿಗಳ ಸಾರ. ದೂರಿನಲ್ಲಿ ಹುರುಳಿತ್ತು. ಆದರೆ ಪರಿಹಾರ ಬಂದ ರೀತಿ ನೋಡಿ: ವಿಶ್ವವಿದ್ಯಾಲಯದ ಇತರ ವಿಭಾಗಗಳ ಎದುರು ತಲೆಯೆತ್ತಿ ನಿಲ್ಲಲು ಬಿಸಿನೆಸ್ ಸ್ಕೂಲುಗಳು ವಿಜ್ಞಾನದ ವಿಭಾಗಗಳಲ್ಲಿ ಗೌರವ ಗಳಿಸಿದ್ದ ಸಂಖ್ಯಾಶಾಸ್ತ್ರವನ್ನೇ ತಂದುಕೊಂಡವು. ಅದೇ 1959ರಲ್ಲಿ ಹಾರ್ವರ್ಡಿನ ರಾಬರ್ಟ್ ಶ್ಲೈಫರ್ ವ್ಯಾಪಾರದ ನಿರ್ಧಾರಗಳಿಗೆಂದೇ ಒಂದು ದೊಡ್ಡ ಪಠ್ಯಪುಸ್ತಕ ಬರೆದಿದ್ದರು. ಪ್ರತಿ ಲೆಕ್ಕದಲ್ಲೂ ಈ ತೀರ್ಮಾನ ತಪ್ಪಾದರೆ ಎಷ್ಟು ನಷ್ಟ, ಇನ್ನಷ್ಟು ಮಾಹಿತಿ ತರಿಸಿದರೆ ಅದರ ಬೆಲೆ ಎಷ್ಟು ಎಂದು ಕೇಳುವ ವಿಧಾನ ಅದು. ಗಾಸೆಟ್‌ರ ಪ್ರಶ್ನೆ ಅರ್ಧ ಶತಮಾನದ ನಂತರ ತರಗತಿಯೊಳಗೆ ಕಾಲಿಟ್ಟಿತ್ತು. ಆದರೂ ಸಾಮಾನ್ಯ ತರಗತಿಗಳಲ್ಲಿ ಬೇರೂರಿದ್ದು ಹೊಸ್ತಿಲಿನ ಸಂಖ್ಯಾಶಾಸ್ತ್ರವೇ. ಇದಕ್ಕೆ ನನಗೆ ಕಾಣುವ ಕಾರಣ ಸರಳ: ನಷ್ಟದ ಅಂದಾಜು ಕೇಳುವ ಪ್ರಶ್ನೆಗೆ ಇಬ್ಬರು ವಿದ್ಯಾರ್ಥಿಗಳು ಎರಡು ಸರಿಯುತ್ತರ ಬರೆಯಬಹುದು, ಕೋಷ್ಟಕದ 3.182ಕ್ಕೆ ಒಂದೇ ಉತ್ತರ. ಸಾವಿರಾರು ಉತ್ತರಪತ್ರಿಕೆ ತಿದ್ದುವ ವ್ಯವಸ್ಥೆ ಒಂದೇ ಉತ್ತರದ ಕಡೆಗೇ ಒಲಿಯುತ್ತದೆ.

ಭಾರತದಲ್ಲಿ ಈ ಕಥೆ ಬೇರೆ ರೀತಿ ನಡೆಯಬಹುದಿತ್ತು, ಆರಂಭದಲ್ಲಿ ನಡೆದೂ ಇತ್ತು. ಪ್ರಶಾಂತಚಂದ್ರ ಮಹಾಲನೋಬಿಸ್ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದ ಒಂದು ಮೂಲೆಯಲ್ಲಿ ಕಟ್ಟಿದ ಪ್ರಯೋಗಶಾಲೆ 1931ರ ಡಿಸೆಂಬರಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಆಯಿತು. 1937ರಿಂದ ಅವರು ಬಂಗಾಳದ ಸೆಣಬಿನ ಬೆಳೆಯ ಮಾದರಿ ಸಮೀಕ್ಷೆ ಕೈಗೆತ್ತಿಕೊಂಡರು. ಸೆಣಬು ಅಂದಿನ ಬಂಗಾಳದ ವ್ಯಾಪಾರದ ಬೆನ್ನೆಲುಬು; ಎಷ್ಟು ಎಕರೆ ಬಿತ್ತಿದ್ದಾರೆ ಎಂಬುದರ ಮೇಲೆ ಪೇಟೆಯ ಧಾರಣೆ ನಿಂತಿತ್ತು. ಎಲ್ಲ ಹೊಲ ಅಳೆಯುವುದು ಅಸಾಧ್ಯ, ಎಷ್ಟು ತುಂಡು ಆರಿಸಬೇಕು, ಒಂದೊಂದು ತುಂಡು ಎಷ್ಟು ದೊಡ್ಡದಿರಬೇಕು? ಸಮೀಕ್ಷೆಗೆ ಹೋದವನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಲು ಎಷ್ಟು ಹೊತ್ತು, ಹೊಲದಲ್ಲಿ ನಿಂತು ಬರೆದುಕೊಳ್ಳಲು ಎಷ್ಟು ಹೊತ್ತು ಎಂದು ಮಹಾಲನೋಬಿಸ್ ಲೆಕ್ಕವಿಡಿಸಿ, ಕೊಟ್ಟಷ್ಟು ಹಣದಲ್ಲಿ ತಪ್ಪು ಅತ್ಯಂತ ಕಡಿಮೆಯಾಗುವ ವಿನ್ಯಾಸ ಹುಡುಕಿದರು. 1944ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ನಿಖರತೆ ಮತ್ತು ಖರ್ಚು ಒಂದೇ ತಕ್ಕಡಿಯ ಎರಡು ತಟ್ಟೆಗಳು. ಡಬ್ಲಿನ್ನಿನ ನಾಲ್ಕು ಅಳತೆಯ ತರ್ಕವೇ ಇಲ್ಲಿ ಬಂಗಾಳದ ಕೆಸರಿನಲ್ಲಿ ನಡೆಯುತ್ತಿದೆ.

ಆದರೆ ಸಂಖ್ಯಾಶಾಸ್ತ್ರ ಇಲ್ಲಿ ಬೆಳೆದದ್ದು ಗಣಿತದ, ಯೋಜನೆಯ ಬಗಲಿನಲ್ಲಿ. 1941ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ತೆರೆದಾಗ ಮೊದಲ ತಂಡದಲ್ಲಿ ಸೇರಿದವರಲ್ಲಿ ಸಿ.ಆರ್. ರಾವ್ ಒಬ್ಬರು. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಮನೆಮಾತು ತೆಲುಗು, ಓದಿದ್ದು ಆಂಧ್ರದಲ್ಲಿ. ಇಪ್ಪತ್ತೈದು ತುಂಬುವ ವರ್ಷದಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಫಲಿತಾಂಶಗಳು ಇವತ್ತಿಗೂ ಜಗತ್ತಿನ ಪಠ್ಯಗಳಲ್ಲಿವೆ. ಇಂಥ ಎತ್ತರ ಕಂಡ ಶಾಸ್ತ್ರ ಒಂದು ಕಡೆ, ಬಿ.ಕಾಂ. ತರಗತಿ ಇನ್ನೊಂದು ಕಡೆ. ನಡುವೆ ಓಡಾಟ ಕಡಿಮೆಯೇ ಉಳಿಯಿತು. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲೇ, ವಾಣಿಜ್ಯ ವಿದ್ಯಾರ್ಥಿಗೆ ಮೂರು ನಾಲ್ಕು ಬಗೆಯ ಸಂಸ್ಥೆಗಳಲ್ಲಿ ಪ್ರತ್ಯಕ್ಷ ಕೆಲಸ ಮಾಡುವ ಅವಕಾಶ ಇರಬೇಕೆಂದು ಶಿಫಾರಸು ಮಾಡಿತ್ತು. ಅದು ನಿಜವಾಗಿ ನಡೆದಿದ್ದರೆ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ತನ್ನದೊಂದು ಪ್ರಶ್ನೆ ಹಿಡಿದುಕೊಂಡು ತರಗತಿಗೆ ಬರುತ್ತಿದ್ದ. 1961ರಲ್ಲಿ ಕಲ್ಕತ್ತೆಯಲ್ಲೂ ಅಹಮದಾಬಾದಿನಲ್ಲೂ, 1973ರಲ್ಲಿ ಬೆಂಗಳೂರಿನಲ್ಲೂ ಬಂದ ಐಐಎಂಗಳು ತಮ್ಮ ಕೆಲವೇ ನೂರು ವಿದ್ಯಾರ್ಥಿಗಳಿಗೆ ಅಂಥದ್ದನ್ನು ಕೊಡಲು ಯತ್ನಿಸಿದವು. ಊರೂರಿನ ಕಾಮರ್ಸ್ ಕಾಲೇಜಿಗೆ ತಲುಪಿದ್ದು ಸೂತ್ರ, ಕೋಷ್ಟಕ, ಹಳೆಯ ಪ್ರಶ್ನೆಪತ್ರಿಕೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಕಾಮರ್ಸಿಗೆ ಬರುವವರಿಗೆ ಗಣಿತ ಬಾರದು, ಅಷ್ಟೇ ವಿಷಯ ಎನ್ನುವುದು. ಇದೇ ಮಕ್ಕಳು ಸವಕಳಿ, ಪಾಲುದಾರಿಕೆ, ಕಂಪನಿ ಖಾತೆಗಳ ಸಿಕ್ಕು ಸಿಕ್ಕಾದ ಲೆಕ್ಕ ಬಿಡಿಸುತ್ತಾರೆ. ಕೊನೆಗೆ ಎರಡೂ ಬದಿ ತಾಳೆಯಾಗದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕಿ ಹಿಡಿಯುತ್ತಾರೆ. ಅಲ್ಲಿ ಪ್ರತಿ ಅಂಕಿಗೂ ಯಾರೋ ಕೊಟ್ಟದ್ದು, ಯಾರೋ ತೆಗೆದುಕೊಂಡದ್ದು ಎಂಬ ಅರ್ಥವಿದೆ. ಟಿ-ಪರೀಕ್ಷೆಯಲ್ಲಿ ಆ ಅರ್ಥ ಕಳಚಿದೆ. ಟಿ-ಪರೀಕ್ಷೆ ಕಂಡುಹಿಡಿದವರೇ ಪೂರ್ತಿ ಗಣಿತ ಕೈಗೆ ಸಿಗುವ ಮುಂಚೆ ರಟ್ಟಿನ ಚೂರು ಕಲೆಸಿ ಅದನ್ನು ತಮಗೆ ತಾವು ಮನದಟ್ಟು ಮಾಡಿಕೊಂಡವರು ಎಂಬುದನ್ನು ಮರೆಯಬಾರದು. ನೂರು ಚೀಟಿ, ಒಂದು ಡಬ್ಬಿ ಇದ್ದರೆ ನಮ್ಮ ಯಾವ ತರಗತಿಯಲ್ಲೂ ಮಾಡಬಹುದಾದ ಪ್ರಯೋಗ ಅದು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಬಿಯರನ್ನು ಬಿಟ್ಟು ಬಂದದ್ದರಿಂದಲೇ ಆ ಸೂತ್ರ ಔಷಧಿಗೂ ಗೊಬ್ಬರಕ್ಕೂ ಶಾಲೆಯ ಅಂಕಕ್ಕೂ ಬಂತು, ಹುಟ್ಟಿದ ಜಾಗಕ್ಕೇ ಕಟ್ಟಿಹಾಕಿದ್ದರೆ ಅದು ಶಾಸ್ತ್ರವೇ ಆಗುತ್ತಿರಲಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಬಾರ್ಲಿಯನ್ನು ಬಿಡುವುದು ಬೇರೆ, ಬೆಲೆಯ ಪ್ರಶ್ನೆಯನ್ನೇ ಬಿಡುವುದು ಬೇರೆ. ಔಷಧಿಯಲ್ಲೂ ಗೊಬ್ಬರದಲ್ಲೂ ತಪ್ಪಿಗೆ ಒಂದು ಬೆಲೆ ಇದ್ದೇ ಇದೆ, ಅದು ಬೇರೆ ಬೇರೆಯಾಗಿದೆ ಅಷ್ಟೇ. ಶೇ. 5ರ ಹೊಸ್ತಿಲನ್ನು ಎಲ್ಲ ಬಾಗಿಲಿಗೂ ಒಂದೇ ಎತ್ತರದಲ್ಲಿ ಕಟ್ಟಿದ್ದು ಶಾಸ್ತ್ರದ ವ್ಯಾಪ್ತಿಯ ಗುಣವಲ್ಲ, ಬಳಕೆಯ ಸೋಮಾರಿತನ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿಕೆ ಹೊರಡಿಸಿ, ಒಂದು ಅಂಕಿ ಒಂದು ಗೆರೆ ದಾಟಿತೇ ಎಂಬುದರ ಮೇಲಷ್ಟೇ ವ್ಯಾಪಾರದ ಅಥವಾ ನೀತಿಯ ನಿರ್ಧಾರ ನಿಲ್ಲಬಾರದು ಎಂದು ಎಚ್ಚರಿಸಬೇಕಾಯಿತು.

ಇನ್ನು, ಈಗ ಕಂಪ್ಯೂಟರ್ ಬಂದಿದೆ, ಕೋಷ್ಟಕ ನೋಡುವ ಕಷ್ಟವೇ ಇಲ್ಲವಲ್ಲ ಎನ್ನುವವರಿದ್ದಾರೆ. ಆ ಬದಲಾವಣೆಯೂ ಬಿಸಿನೆಸ್ ತರಗತಿಯಿಂದಲೇ ಬಂತು. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಗೆ ಒಂದು ಅಂಕಿ ತಿದ್ದಿದರೆ ಉಳಿದ ಎಲ್ಲ ಅಂಕಿಗಳೂ ತಾವೇ ತಿದ್ದಿಕೊಳ್ಳುವ ಹಲಗೆಯೊಂದಿದ್ದರೆ ಎಂಬ ಕಲ್ಪನೆ ಬಂತು. ಮರುವರ್ಷ ಬಾಬ್ ಫ್ರ್ಯಾಂಕ್‌ಸ್ಟನ್ ಜೊತೆಗೂಡಿ ಹೊರತಂದ ವಿಸಿಕ್ಯಾಲ್ಕ್ ಇವತ್ತಿನ ಎಕ್ಸೆಲ್ಲಿನ ಹಿರಿಯಕ್ಕ. ಅದರಲ್ಲಿ ವ್ಯಾಪಾರದ ಪ್ರಶ್ನೆ ಕೇಳುವುದು ಬಹಳ ಸುಲಭ: ಬೆಲೆ ಇಷ್ಟಾದರೆ ಲಾಭ ಎಷ್ಟು, ಇಷ್ಟಾದರೆ ಎಷ್ಟು. ಯಂತ್ರದಿಂದ ಕೈಲೆಕ್ಕದ ಬೇಸರ ಹೋಯಿತು, ಅದು ದೊಡ್ಡ ಉಪಕಾರ. ಆದರೆ ಅದೇ ಎಕ್ಸೆಲ್ಲಿನಲ್ಲಿ ಟಿ-ಪರೀಕ್ಷೆ ಮಾಡಲು ಹೊರಟರೆ ಪೆಟ್ಟಿಗೆಯೊಂದರಲ್ಲಿ ಯಾರೂ ಕೇಳುವ ಮೊದಲೇ 0.05 ಎಂದು ತುಂಬಿಟ್ಟಿರುತ್ತದೆ. ಅದನ್ನು ಅಳಿಸಿ ಬೇರೆ ಬರೆಯಬಹುದು, ಯಾಕೆ ಬರೆಯಬೇಕೆಂದು ಯಂತ್ರ ಹೇಳುವುದಿಲ್ಲ. ಆ ‘ಯಾಕೆ’ಯನ್ನು ಕೇಳಿದ್ದ ಗಾಸೆಟ್ 1937ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಗಿನ್ನೆಸ್ಸಿನ ಮುಖ್ಯ ತಯಾರಕರ ಹುದ್ದೆಗೆ ಬಂದಿದ್ದರು. ಕೊನೆಯ ಎರಡು ವರ್ಷ ಅವರಿಗೂ ಸ್ನೇಹಿತ ಫಿಶರರಿಗೂ ಹೊಲದ ತುಂಡುಗಳನ್ನು ಚೀಟಿಯೆತ್ತಿ ಹಂಚಬೇಕೋ, ನೆಲದ ಸಾರ ತಿಳಿದು ಸಮತೂಕವಾಗಿ ಹಂಚಬೇಕೋ ಎಂದು ಬಿರುಸಿನ ಚರ್ಚೆ ನಡೆದಿತ್ತು. ಆ ಚರ್ಚೆಯಲ್ಲಿ ಅವರ ಪಾಲಿನ ಕೊನೆಯ ಲೇಖನ 1938ರ ‘ಬಯೋಮೆಟ್ರಿಕಾ’ದಲ್ಲಿ, ಅವರು ಹೋದ ಮೇಲೆ ಅಚ್ಚಾಯಿತು. ಹೆಸರು ಮುಚ್ಚಿಡಲು ಆಗ ಕಾರಣವೇನೂ ಉಳಿದಿರಲಿಲ್ಲ. ಲೇಖಕರ ಜಾಗದಲ್ಲಿ ಆಗಲೂ ‘ಸ್ಟೂಡೆಂಟ್’ ಎಂದೇ ಇತ್ತು.